ಕ್ಲಚ್ ಗಟ್ಟಿಯಾಗಿದೆಯೇ? ಮೊದಲು ಕೇಬಲ್ ಬಿಚ್ಚಿ ನೋಡಿ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹೊರಡುವ ದಾರಿಗಳು ಎಡಗಾಲಿಗೆ ಕೆಲಸ ಕೊಡುವಂಥವು. ಊಟಿ ಕಡೆಗೆ ಹೊರಟರೆ ಬಂಡೀಪುರದ ಕಾಡು, ಕಾಡಿನುದ್ದಕ್ಕೂ ಹಂಪುಗಳು, ಮಸಿನಗುಡಿ ದಾಟಿದ ಮೇಲೆ ಕಲ್ಲಹಟ್ಟಿ ಘಾಟಿಯ 36 ತಿರುವುಗಳು. ಕೇರಳದ ಕಡೆಗಾದರೆ ಮದ್ದೂರು ಚೆಕ್‌ಪೋಸ್ಟ್, ಮೂಲೆಹೊಳೆ, ಮುತ್ತಂಗ, ಸುಲ್ತಾನ್ ಬತ್ತೇರಿ, ಆಮೇಲೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳು. ಅತ್ತ ಚಾಮರಾಜನಗರದಿಂದ ಸತ್ಯಮಂಗಲದ ಹಾದಿ ಹಿಡಿದವರಿಗೆ ಪುಣಜನೂರು, ಹಾಸನೂರು ದಾಟುತ್ತಿದ್ದಂತೆ ದಿಂಬಂ ಘಾಟಿ ಕಾದಿರುತ್ತದೆ. ಅಲ್ಲಿ 27 ತಿರುವು, ಪ್ರತಿ ತಿರುವಿನಲ್ಲೂ ಎದುರಿಗೊಂದು ಲಾರಿ.

ಇದರ ಮೇಲೆ ಬಂಡೀಪುರದ ರಾತ್ರಿ ಸಂಚಾರ ನಿಷೇಧವಿದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚುತ್ತದೆ. ಅದು ಆಗಲೇಬೇಕಿದ್ದ ನಿರ್ಧಾರ. ಕಾಡಿನ ಜೀವಗಳಿಗೆ ಅಷ್ಟಾದರೂ ನೆಮ್ಮದಿ ಬೇಕು. ಆದರೆ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಕಾದು ನಿಂತ ಸಾಲು, ಅದರಲ್ಲೂ ಓಣಂ ಮುಂಚಿನ ದಿನಗಳಲ್ಲಿ ಚೆಂಡುಹೂವು, ತರಕಾರಿ, ಬಾಳೆಗೊನೆ ತುಂಬಿದ ಪಿಕಪ್‌ಗಳ ಸಾಲು, ಇಂಚಿಂಚಾಗಿ ಮುಂದೆ ಸರಿಯುತ್ತದೆ. ಹೀಗೆ ಸರಿಯುವಷ್ಟು ಹೊತ್ತೂ ಕ್ಲಚ್ ಒತ್ತಬೇಕು, ಬಿಡಬೇಕು, ಅರ್ಧಕ್ಕೆ ಹಿಡಿಯಬೇಕು.

ಕಾಡಿನೊಳಗೆ ಆನೆ ರಸ್ತೆ ದಾಟುತ್ತಿದ್ದರೆ ದೂರದಲ್ಲೇ ಗಾಡಿ ನಿಲ್ಲಿಸಬೇಕು, ಹಾರ್ನ್ ಹೊಡೆಯಬಾರದು, ಬೇಕಾದರೆ ಮೆಲ್ಲಗೆ ಹಿಂದಕ್ಕೆ ಸರಿಯಬೇಕು. ಆ ಗಳಿಗೆಯಲ್ಲಿ ರಿವರ್ಸ್ ಗೇರು ಬೀಳದೆ ಕಿರುಗುಟ್ಟಿದರೆ ಅಥವಾ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ತಿಳಿಯದೆ ಎಂಜಿನ್ ಆಫ್ ಆದರೆ ಅಪಾಯ ಎದುರಿಗೇ ಇರುತ್ತದೆ. ಕ್ಲಚ್ ಪೆಡಲಿನ ಹದವನ್ನು ಸುಖದ ವಿಷಯ ಎಂದು ತಳ್ಳಿಹಾಕುವವರಿದ್ದಾರೆ. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಅದು ಸುರಕ್ಷತೆಯ ವಿಷಯ.

ಆದರೂ ನಮ್ಮಲ್ಲಿ ಬಹುಪಾಲು ಜನ ಗಟ್ಟಿಯಾದ ಕ್ಲಚ್ಚನ್ನು ಸಹಿಸಿಕೊಂಡೇ ಓಡಿಸುತ್ತಾರೆ. ಮೊಣಕಾಲು ನೋಯುತ್ತಿದ್ದರೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಹೆಣ್ಣುಮಕ್ಕಳು ಡ್ರೈವಿಂಗ್ ಕಲಿಯಲು ಹೋಗಿ, ನೂರಾರು ಕಲಿಕೆಯ ಕಾಲುಗಳಿಗೆ ಸಿಕ್ಕಿ ಸವೆದ ತರಬೇತಿ ಕಾರಿನ ಕ್ಲಚ್ ಒತ್ತಲಾರದೆ, ತಮಗೇ ಶಕ್ತಿ ಸಾಲದು ಎಂದುಕೊಂಡು ಕಲಿಕೆ ಬಿಟ್ಟುಬಿಡುತ್ತಾರೆ. ಇದು ಬೇಸರದ ಸಂಗತಿ. ತೊಂದರೆ ಅವರ ಕಾಲಿನಲ್ಲಿಲ್ಲ, ಕಾರಿನಲ್ಲಿದೆ.

ಪೆಡಲ್ ಒತ್ತಿದಾಗ ಒಳಗೆ ಆಗುವುದೇನು?

ಎಂಜಿನ್ನಿಗೆ ಫ್ಲೈವೀಲ್ ಕೂಡಿಕೊಂಡಿರುತ್ತದೆ, ಗೇರ್ ಬಾಕ್ಸಿಗೆ ಕ್ಲಚ್ ಪ್ಲೇಟ್. ಈ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್. ಒತ್ತುವ ಬಲ ಬರುವುದು ಅದರ ಬೆನ್ನಿಗಿರುವ ಡಯಾಫ್ರಾಮ್ ಎಂಬ ಬಟ್ಟಲಾಕಾರದ ಉಕ್ಕಿನ ಸ್ಪ್ರಿಂಗಿನಿಂದ. ಅದರ ಒಳಅಂಚು ಉದ್ದುದ್ದ ಸೀಳಿಕೊಂಡಿರುತ್ತದೆ. ಸೀಳುಗಳ ನಡುವಿನ ಪಟ್ಟಿಗಳನ್ನು ಮೆಕ್ಯಾನಿಕ್‌ಗಳು ಫಿಂಗರ್ ಎನ್ನುತ್ತಾರೆ. ನಾವು ಪೆಡಲ್ ತುಳಿದಾಗ ಕೇಬಲ್ ಒಂದು ಫೋರ್ಕನ್ನು ಎಳೆಯುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ದೂಡುತ್ತದೆ, ಬೇರಿಂಗ್ ಆ ಫಿಂಗರ್‌ಗಳನ್ನು ಒತ್ತುತ್ತದೆ. ಆಗ ಪ್ರೆಶರ್ ಪ್ಲೇಟ್ ಒಂದೆರಡು ಮಿಲಿಮೀಟರಿನಷ್ಟು ಹಿಂದೆ ಸರಿದು ಕ್ಲಚ್ ಪ್ಲೇಟನ್ನು ಬಿಟ್ಟುಕೊಡುತ್ತದೆ. ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಪೆಡಲ್ ತುಳಿದು ನಾವು ಗಳಿಸುವ ಅಂತರ ಅಷ್ಟೇ.

ಇಷ್ಟು ದೂರದ ಚಲನೆಯನ್ನು ಇಷ್ಟು ಕಿರಿದು ಮಾಡಿರುವುದು ಬಲಕ್ಕಾಗಿ. ಸಣ್ಣ ಕಾರಿನಲ್ಲೂ ಆ ಸ್ಪ್ರಿಂಗನ್ನು ಮಣಿಸಲು ನೂರು ಕಿಲೋ ತೂಕಕ್ಕೂ ಮೀರಿದ ಒತ್ತಡ ಬೇಕು. ಪೆಡಲಿನ ಸನ್ನೆ, ಫೋರ್ಕಿನ ಸನ್ನೆ ಎರಡೂ ಸೇರಿ ಅದನ್ನು ಹತ್ತು ಕಿಲೋ ಆಸುಪಾಸಿಗೆ ಇಳಿಸಿ ನಮ್ಮ ಕಾಲಿಗೆ ಒಪ್ಪಿಸುತ್ತವೆ. ಹಗುರ ಬೇಕೆಂದರೆ ದೂರ ತುಳಿಯಬೇಕು, ದೂರ ಕಡಿಮೆಯಾಗಬೇಕೆಂದರೆ ಗಟ್ಟಿ ತುಳಿಯಬೇಕು. ಈ ಲೆಕ್ಕವನ್ನು ಯಾವ ಗ್ಯಾರೇಜೂ ತಪ್ಪಿಸಲಾರದು. ಫೋರ್ಕಿಗೆ ಉದ್ದದ ತುಂಡು ಬೆಸೆದು ಕ್ಲಚ್ ಹಗುರ ಮಾಡಿಕೊಡುತ್ತೇನೆ ಎನ್ನುವವರು ಸಿಕ್ಕಾರು. ಪೆಡಲ್ ಹಗುರವಾಗುವುದು ನಿಜ, ಆದರೆ ಪ್ಲೇಟ್ ಪೂರ್ತಿ ಬಿಡುವುದಿಲ್ಲ; ಗೇರು ಬೀಳುವಾಗೆಲ್ಲ ಹಲ್ಲು ಕಡಿಯುವ ಸದ್ದು ಬರುತ್ತದೆ, ಕೆಲವೇ ತಿಂಗಳಲ್ಲಿ ಗೇರ್ ಬಾಕ್ಸಿನ ಸಿಂಕ್ರೊನೈಜರ್ ರಿಂಗುಗಳು ಹೋಗುತ್ತವೆ.

ಡಯಾಫ್ರಾಮ್ ಸ್ಪ್ರಿಂಗಿಗೆ ಒಂದು ವಿಶೇಷ ಗುಣವಿದೆ. ಮಾಮೂಲಿ ಸುರುಳಿ ಸ್ಪ್ರಿಂಗನ್ನು ಒತ್ತಿದಷ್ಟೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಇದು ಹಾಗಲ್ಲ. ಹಳೆಯ ತಗಡಿನ ಡಬ್ಬದ ಉಬ್ಬಿದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಮೊದಲು ಎದುರಿಸಿ, ಒಂದು ಹಂತ ದಾಟಿದೊಡನೆ ಸಡಿಲಗೊಂಡು ಒಳಹೋಗುತ್ತದಲ್ಲ, ಆ ಬಗೆ. ಆದ್ದರಿಂದಲೇ ಸರಿಯಿರುವ ಕ್ಲಚ್ಚಿನಲ್ಲಿ ಪೆಡಲ್ ನಡುವೆ ತುಸು ಎದುರಿಸಿ, ತಳ ಮುಟ್ಟುವ ಹೊತ್ತಿಗೆ ಹಗುರವಾಗುತ್ತದೆ. ಪ್ಲೇಟಿನ ಲೈನಿಂಗ್ ಸವೆಯುತ್ತ ಹೋದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿನತ್ತ ಸರಿಯುತ್ತದೆ, ಸ್ಪ್ರಿಂಗಿನ ಫಿಂಗರ್‌ಗಳು ಹೊರಕ್ಕೆ ಏಳುತ್ತವೆ, ಅವುಗಳನ್ನು ಮಣಿಸಲು ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಅಂದರೆ ಪ್ಲೇಟ್ ತೆಳ್ಳಗಾದಷ್ಟೂ ಪೆಡಲ್ ಗಟ್ಟಿಯಾಗುತ್ತದೆ. “ಕ್ಲಚ್ಚು ಬಾಳ ಗಟ್ಟಿ ಅದೆ, ಇನ್ನೂ ಚೆನ್ನಾಗದೆ ಕಣಣ್ಣ” ಎಂದು ಹಳೆಯ ಕಾರು ಮಾರುವವರು ಹೇಳಿದರೆ ನಂಬಬೇಡಿ. ಅಂಥ ಗಟ್ಟಿತನ ಎಷ್ಟೋ ಸಲ ಪ್ಲೇಟ್ ಮುಗಿಯುತ್ತ ಬಂದಿರುವುದರ ಗುರುತು. ಕೆಲವು ಕಾರುಗಳಲ್ಲಿ ಸವೆತಕ್ಕೆ ತಕ್ಕಂತೆ ತನ್ನಷ್ಟಕ್ಕೇ ಹೊಂದಿಕೊಳ್ಳುವ ಪ್ರೆಶರ್ ಪ್ಲೇಟ್ ಇರುತ್ತದೆ. ಅಲ್ಲಿ ಪೆಡಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ.

ದೂಳು ಹೊಕ್ಕ ಕೇಬಲ್

ಆದರೆ ನಮ್ಮ ಊರುಗಳಲ್ಲಿ ಗಟ್ಟಿಯಾದ ಪೆಡಲಿಗೆ ಇದಕ್ಕಿಂತ ಸರಳವಾದ, ಅಗ್ಗದ ಕಾರಣವೊಂದಿದೆ. ಅದು ಕೇಬಲ್.

1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರಿಂದ ಹಿಡಿದು ಓಮ್ನಿ, ಆಲ್ಟೊ, ಸ್ವಿಫ್ಟ್‌ವರೆಗೆ ಹಳ್ಳಿ ಪಟ್ಟಣಗಳಲ್ಲಿ ಓಡಾಡಿದ ಕಾರುಗಳಲ್ಲಿ ಬಹಳಷ್ಟಕ್ಕೆ ಕೇಬಲ್ ಕ್ಲಚ್ಚೇ. ಕೇಬಲ್ ತಯಾರಿಕೆಯಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಹೆಸರಿದೆ. 1985ರಲ್ಲಿ ಕೆ. ಅಜಿತ್ ಕುಮಾರ್ ರೈ ಬೆಂಗಳೂರಿನಲ್ಲಿ ಕಟ್ಟಿದ ಸುಪ್ರಜಿತ್ ಎಂಜಿನಿಯರಿಂಗ್ ಇವತ್ತು ವಾಹನಗಳ ಕಂಟ್ರೋಲ್ ಕೇಬಲ್ ಮಾಡುವ ಜಗತ್ತಿನ ದೊಡ್ಡ ಕಂಪನಿಗಳ ಸಾಲಿನಲ್ಲಿದೆ. ನೋಡಲು ಸಾಮಾನ್ಯ ತಂತಿ. ಆದರೆ ಹೊರಕವಚ, ಒಳಗಿನ ಜಾರುವ ಪ್ಲಾಸ್ಟಿಕ್ ಪದರ, ಹೆಣೆದ ಉಕ್ಕಿನ ಎಳೆಗಳು, ಎರಡು ತುದಿಯ ರಬ್ಬರ್ ಟೋಪಿ ಇವಿಷ್ಟೂ ಅಳತೆಯ ಪ್ರಕಾರ ಇದ್ದರಷ್ಟೇ ಕಾಲಿಗೆ ಸುಖ.

ಕೇಬಲ್ ಬಾಗಿದಲ್ಲೆಲ್ಲ ಒಳತಂತಿ ಕವಚಕ್ಕೆ ಉಜ್ಜುತ್ತದೆ. ಈ ಘರ್ಷಣೆ ಕೂಡುತ್ತ ಹೋಗುವುದಲ್ಲ, ಗುಣಿಸುತ್ತ ಹೋಗುವುದು. ಪೆಡಲಿನಿಂದ ಗೇರ್ ಬಾಕ್ಸ್ ಮುಟ್ಟುವಷ್ಟರಲ್ಲಿ ಕೇಬಲ್ ಒಟ್ಟು ಅರ್ಧ ಸುತ್ತಿನಷ್ಟು ಬಾಗಿದೆ ಎಂದುಕೊಳ್ಳಿ. ಒಳಪದರ ನುಣ್ಣಗಿದ್ದು ಘರ್ಷಣಾಂಕ 0.05 ಇದ್ದರೆ ಶೇ 17ರಷ್ಟು ಹೆಚ್ಚುವರಿ ಎಳೆತ ಸಾಕು. ದೂಳು, ತುಕ್ಕು ಸೇರಿ ಅದೇ ಅಂಕ 0.2ಕ್ಕೆ ಏರಿತೋ, ಶೇ 87ರಷ್ಟು ಹೆಚ್ಚು ಎಳೆಯಬೇಕು. ಹತ್ತು ಕಿಲೋ ಒತ್ತುತ್ತಿದ್ದ ಕಾಲು ಹದಿನಾರು ಕಿಲೋ ಒತ್ತಬೇಕಾಗುತ್ತದೆ. ಪ್ಲೇಟ್, ಪ್ರೆಶರ್ ಪ್ಲೇಟ್ ಎರಡೂ ಹೊಸದರಂತೆಯೇ ಇದ್ದರೂ ಹೀಗಾಗುತ್ತದೆ.

ಪೆಡಲ್ ಬಿಡುವಾಗ ಅದೇ ಘರ್ಷಣೆ ತಿರುಗಿ ಕೆಲಸ ಮಾಡುತ್ತದೆ. ಸ್ಪ್ರಿಂಗ್ ಹಿಂದಕ್ಕೆ ಕಳಿಸುವ ಬಲದಲ್ಲಿ ಒಂದು ಪಾಲನ್ನು ಕೇಬಲ್ ನುಂಗುತ್ತದೆ, ಕಾಲಿಗೆ ಅರ್ಧಂಬರ್ಧ ಮುಟ್ಟುತ್ತದೆ. ಗಾಡಿ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗದಿರುವುದು ಇದರಿಂದಲೇ. ಒತ್ತುವಾಗ ಭಾರ, ಬಿಡುವಾಗ ಮಂಕು. ಒಳ್ಳೆಯ ಕ್ಲಚ್ ಎಂದರೆ ಬೆಣ್ಣೆಯಷ್ಟು ಮೆತ್ತಗಿರುವುದಲ್ಲ, ಹಿಡಿಯುವ ಜಾಗವನ್ನು ಸ್ಪಷ್ಟವಾಗಿ ತಿಳಿಸುವುದು ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ನಮ್ಮ ಜಿಲ್ಲೆಯಲ್ಲಿ ದೂಳಿಗೆ ಬರವಿಲ್ಲ. ಕರಿಕಲ್ಲಿನ ಕ್ವಾರಿಗಳ ಸುತ್ತಮುತ್ತ, ಟಿಪ್ಪರ್ ಓಡಾಡುವ ಹಾದಿಗಳಲ್ಲಿ ನುಣುಪಾದ ಕಲ್ಲುಪುಡಿ ಎಲ್ಲೆಡೆ ಕೂರುತ್ತದೆ. ಕೇಬಲ್ ತುದಿಯ ರಬ್ಬರ್ ಟೋಪಿ ಹರಿದಿದ್ದರೆ ಅದು ನೇರ ಒಳಗೆ ಹೋಗಿ, ಮುಂಗಾರಿನ ನೀರಿನೊಡನೆ ಕಲಸಿಕೊಂಡು ಉಜ್ಜುಪುಡಿಯಾಗುತ್ತದೆ. ಕೆಲವರು ಮೇಲಿಂದ ಎಂಜಿನ್ ಆಯಿಲ್ ಸುರಿಯುತ್ತಾರೆ. ಎರಡು ದಿನ ಹಗುರವೆನಿಸುತ್ತದೆ, ಆಮೇಲೆ ದೂಳು ಎಣ್ಣೆಗೆ ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಪ್ಲಾಸ್ಟಿಕ್ ಪದರವಿರುವ ಕೇಬಲ್ಲಿಗೆ ಎಣ್ಣೆ ಹಾಕುವ ಕೆಲಸವೇ ಇಲ್ಲ. ಹಳೆಯದಾದರೆ ಕಂಪನಿಯ ಕೇಬಲ್ ತಂದು ಬದಲಾಯಿಸಿ. ಹಾಕುವಾಗ ಹಿಂದಿದ್ದ ಕ್ಲಿಪ್ಪುಗಳಲ್ಲೇ ಕೂರಿಸಬೇಕು, ಸೈಲೆನ್ಸರ್ ಪೈಪಿಗೆ ತಾಗದಂತೆ, ಎಲ್ಲೂ ಚೂಪಾಗಿ ಮಡಿಯದಂತೆ.

ತೊಂದರೆ ಎಲ್ಲಿದೆ ಎಂದು ತಿಳಿಯುವ ದಾರಿ ಬಹಳ ಸುಲಭ. ಎಂಜಿನ್ ಆಫ್ ಮಾಡಿ, ಗೇರ್ ಬಾಕ್ಸಿನ ಮೇಲಿರುವ ಫೋರ್ಕಿನಿಂದ ಕೇಬಲ್ ತುದಿ ಬಿಚ್ಚಿ, ಪೆಡಲ್ ಒತ್ತಿ ನೋಡಬೇಕು. ಆಗಲೂ ಗಟ್ಟಿಯಾಗಿದ್ದರೆ, ಕಿರ್ರೆಂದರೆ, ತಡೆದು ತಡೆದು ಹೋದರೆ ತೊಂದರೆ ಪೆಡಲಿನಲ್ಲೋ ಕೇಬಲಿನಲ್ಲೋ ಇದೆ. ಗೇರ್ ಬಾಕ್ಸ್ ಮುಟ್ಟಬೇಕಿಲ್ಲ. ಸರಾಗವಾಗಿ ಹೋದರೆ ತೊಂದರೆ ಹೆಚ್ಚಾಗಿ ಒಳಗಿರುತ್ತದೆ: ಒಣಗಿದ ಫೋರ್ಕ್, ಅದು ಜಾರುವ ಕೊಳವೆ, ಬೇರಿಂಗ್ ಅಥವಾ ಪ್ರೆಶರ್ ಪ್ಲೇಟ್. ಇದಿಷ್ಟನ್ನೂ ಮಾಡಿ ನೋಡದೆ “ಕ್ಲಚ್ ಸೆಟ್ಟೇ ಹೋಗದೆ, ಗೇರ್ ಬಾಕ್ಸ್ ಇಳಿಸ್ಬೇಕು” ಎಂದವರ ಮಾತಿಗೆ ತಕ್ಷಣ ಹೂಂ ಅನ್ನಬೇಡಿ. ಒಳ್ಳೆಯ ಮೆಕ್ಯಾನಿಕ್ ತಾನೇ ಹೇಳುತ್ತಾನೆ, “ಮೊದ್ಲು ಕೇಬಲ್ ಬಿಚ್ಚಿ ನೋಡಮ ಇರಿ ಅಣ್ಣ” ಎಂದು.

ಪೆಡಲ್ ತಿರುಗುವ ಕೀಲಿನ ನೈಲಾನ್ ಬುಶ್ ಬಗ್ಗೆಯೂ ಒಂದು ಮಾತು. ಸ್ಟೀರಿಂಗಿನ ಕೆಳಗೆ ಕತ್ತಲಲ್ಲಿರುವ ಅದನ್ನು ಯಾರೂ ನೋಡುವುದಿಲ್ಲ. ಸವೆದರೆ ಪೆಡಲ್ ಅಕ್ಕಪಕ್ಕ ಅಲ್ಲಾಡುತ್ತದೆ, ಒಣಗಿದರೆ ಸದ್ದು ಮಾಡುತ್ತದೆ. ಕೈಗೆಟುಕುವ ಬೆಲೆಯ ಬುಶ್, ಒಂದು ಚಿಟಿಕೆ ಗ್ರೀಸ್, ಇಷ್ಟರಿಂದಲೇ ಪೆಡಲಿನ ಹದ ಬದಲಾದ ಕಾರುಗಳುಂಟು.

ಫ್ರೀ ಪ್ಲೇ ವಿಷಯದಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. ಕ್ಲಚ್ ತೀರಾ ಕೆಳಗೆ ಹಿಡಿಯುತ್ತದೆ ಎಂದು ದೂರಿದರೆ ಕೇಬಲ್ಲಿನ ನಟ್ಟನ್ನು ಬಿಗಿದು ಕಳಿಸಿಬಿಡುತ್ತಾರೆ. ಪೆಡಲ್ ಮೇಲ್ಭಾಗದಲ್ಲಿ ಯಾವ ಭಾರವೂ ಇಲ್ಲದೆ ಆಡಬೇಕಾದ ಜಾಗ, ಬಹುತೇಕ ಸಣ್ಣ ಕಾರುಗಳಲ್ಲಿ ಒಂದೆರಡು ಸೆಂಟಿಮೀಟರ್, ಪೂರ್ತಿ ಇಲ್ಲವಾಗುತ್ತದೆ. ಆಗ ಬೇರಿಂಗ್ ಸದಾ ಫಿಂಗರ್‌ಗಳನ್ನು ಒತ್ತುತ್ತಲೇ ಇರುತ್ತದೆ, ಪ್ಲೇಟ್ ಅರೆಬರೆ ಹಿಡಿದು ಜಾರುತ್ತದೆ, ದಿಂಬಂ ಏರುವಾಗ ಸುಟ್ಟ ವಾಸನೆ ಬರುತ್ತದೆ. ಪ್ಲೇಟ್ ಸವೆದಂತೆ ಈ ಆಟ ತಾನಾಗಿಯೂ ಕಡಿಮೆಯಾಗುತ್ತ ಬರುವುದರಿಂದ ಪ್ರತಿ ಸರ್ವಿಸ್‌ನಲ್ಲೂ ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಿಕೊಳ್ಳಬೇಕು.

ಕೇಬಲ್ ಬದಲು ಆಯಿಲ್ ಇರುವ ಕಾರು

ಹೈಡ್ರಾಲಿಕ್ ಕ್ಲಚ್ಚಿರುವ ಕಾರುಗಳಲ್ಲಿ ಕೇಬಲ್ಲಿನ ಕೆಲಸವನ್ನು ಬ್ರೇಕ್ ಆಯಿಲ್ ಮಾಡುತ್ತದೆ. ಪೆಡಲಿನ ಕಡೆ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಕಡೆ ಸ್ಲೇವ್ ಸಿಲಿಂಡರ್. ಸವೆತಕ್ಕೆ ಇದು ತಾನೇ ಹೊಂದಿಕೊಳ್ಳುತ್ತದೆ. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಹಾಳಾಗುತ್ತವೆ, ಪೆಡಲ್ ಸ್ಪಂಜಿನಂತಾಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಏರ್ ತೆಗೆಸಬೇಕು. ಒಂದೆರಡು ಸಲ ಪಂಪ್ ಮಾಡಿದಾಗ ಕ್ಲಚ್ ಮೇಲಕ್ಕೆ ಬಂದು ಹಿಡಿದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಸೀಲು ಸೋರುತ್ತಿದೆ. ಪೆಡಲಿನ ಹಿಂದಿನ ಕಾರ್ಪೆಟ್ ಒದ್ದೆಯಾಗಿದೆಯೇ ನೋಡಿ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯ ಆಯಿಲ್, ಹಾಗಾಗಿ ಈ ಸೋರಿಕೆಯನ್ನು ನಾಳೆಗೆ ಮುಂದೂಡಬಾರದು.

ಕಾರಿನ ಹವ್ಯಾಸಿಗಳು ಇನ್ನೂ ಮುಂದೆ ಹೋಗುತ್ತಾರೆ. ಕೆಲವು ಕಾರುಗಳ ಪೆಡಲಿಗೆ ನೆರವಿನ ಸ್ಪ್ರಿಂಗ್ ಒಂದನ್ನು ಹಾಕಿರುತ್ತಾರೆ. ಪೆಡಲ್ ಒಂದು ಹಂತ ದಾಟಿದೊಡನೆ ಅದು ನಮ್ಮ ಕಾಲಿನೊಂದಿಗೆ ತಾನೂ ಒತ್ತುತ್ತದೆ. ಇದರಿಂದ ಭಾರ ಇಳಿಯುತ್ತದೆ, ಜೊತೆಗೆ ಸ್ಪಷ್ಟತೆಯೂ ಒಂದಿಷ್ಟು ಹೋಗುತ್ತದೆ. ಅದನ್ನು ಕಿತ್ತರೆ ಹಿಡಿಯುವ ಜಾಗ ಚೆನ್ನಾಗಿ ತಿಳಿಯುತ್ತದೆ ಎಂಬುದು ಅವರ ವಾದ. ಇನ್ನು ಕೆಲವು ಹೈಡ್ರಾಲಿಕ್ ಕಾರುಗಳಲ್ಲಿ ಆಯಿಲ್ ಹಿಂದಿರುಗುವ ವೇಗವನ್ನು ತಗ್ಗಿಸುವ ಸಣ್ಣ ವಾಲ್ವ್ ಇರುತ್ತದೆ. ಕಾಲು ತಟ್ಟನೆ ತೆಗೆದರೂ ಕ್ಲಚ್ ತಟ್ಟನೆ ಹಿಡಿಯದಿರಲಿ ಎಂದು. ಅದನ್ನೂ ತೆಗೆಸುವವರಿದ್ದಾರೆ. ರೇಸಿನ ಟ್ರ್ಯಾಕಿನಲ್ಲಿ ಇವೆಲ್ಲ ಸರಿ. ಹೆಂಡತಿ, ಮಗ, ತಮ್ಮ ಎಲ್ಲರೂ ಓಡಿಸುವ, ಹಬ್ಬಕ್ಕೆ ಮಾದಪ್ಪನ ಬೆಟ್ಟಕ್ಕೆ ಹೋಗಿಬರುವ ಮನೆಯ ಕಾರಿಗೆ ಎರಡೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ವಾಲ್ವ್ ತಡೆಯುತ್ತಿದ್ದ ಹೊಡೆತ ಗೇರ್ ಬಾಕ್ಸಿಗೂ ಡ್ರೈವ್ ಶಾಫ್ಟಿಗೂ ಬೀಳುತ್ತದೆ.

ಅದಕ್ಕಿಂತ ಖರ್ಚಿಲ್ಲದ ಸುಧಾರಣೆ ಸೀಟಿನಲ್ಲಿದೆ. ಪೆಡಲ್ ಪೂರ್ತಿ ತಳ ಮುಟ್ಟಿದಾಗಲೂ ಮೊಣಕಾಲು ತುಸು ಮಡಿದಿರುವಷ್ಟು ಹತ್ತಿರ ಕೂರಬೇಕು. ದೂರ ಕೂತು ಪಾದದ ತುದಿಯಿಂದ ತಳ್ಳುವವರಿಗೆ ಹೊಸ ಕಾರಿನ ಕ್ಲಚ್ಚೂ ಗಟ್ಟಿಯೇ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ದಪ್ಪನೆಯ ಮ್ಯಾಟ್ ಹಾಸಿದರೆ ಪೆಡಲ್ ತಳ ಮುಟ್ಟುವುದೇ ಇಲ್ಲ. ಹವಾಯಿ ಚಪ್ಪಲಿಯಲ್ಲಿ ಘಾಟಿ ಹತ್ತುವುದು ಬೇಡ, ಅದು ಜಾರಿ ಪೆಡಲಿನಡಿ ಸಿಕ್ಕಿಕೊಳ್ಳುತ್ತದೆ.

ಸೆಟ್ ಬದಲಾಯಿಸಲೇಬೇಕಾದಾಗ

ಗೇರ್ ಬಾಕ್ಸ್ ಇಳಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಖಾಲಿ, ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಅದೇ ಪ್ರಮಾಣದಲ್ಲಿ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಪೆಡಲ್ ಒತ್ತಿದಾಗ ಕೊರೆಯುವ ಸದ್ದು ಬಂದರೆ ರಿಲೀಸ್ ಬೇರಿಂಗ್ ಹೋಗಿದೆ. ಒತ್ತಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು. ಬಿಚ್ಚಿದ ಮೇಲೆ ಪ್ಲೇಟ್ ಒಂದನ್ನೇ ಹಾಕಿಸಿ ದುಡ್ಡು ಉಳಿಸುವುದು ಬೇಡ. ಕೂಲಿ ಒಂದೇ, ಆದ್ದರಿಂದ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಫ್ಲೈವೀಲಿನ ಮೇಲೆ ನೀಲಿ ಕಲೆ, ಬಿರುಕು ಇದೆಯೇ ನೀವೇ ನೋಡಿ. ಫೋರ್ಕಿನ ಕೀಲಿಗೆ, ಶಾಫ್ಟಿನ ಹಲ್ಲಿಗೆ ಬಿಸಿ ತಡೆಯುವ ಗ್ರೀಸ್ ತೆಳುವಾಗಿ ಸಾಕು. ಹೆಚ್ಚಾದರೆ ಅದು ಸಿಡಿದು ಹೊಸ ಪ್ಲೇಟಿಗೆ ಬಿದ್ದು, ಗಾಡಿ ಎತ್ತುವಾಗ ನಡುಗುತ್ತದೆ. ಹಳೆಯ ಪ್ಲೇಟಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸವನ್ನು ಗ್ಯಾರೇಜಿನ ಹುಡುಗರು ಬಿಡಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಹೊಸ ಸೆಟ್ಟನ್ನು ಉಳಿಸುವುದೂ ಸುಡುವುದೂ ಓಡಿಸುವ ರೀತಿಯೇ. ಏರಿನಲ್ಲಿ ನಿಂತಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುವುದು ಪ್ಲೇಟನ್ನು ಬೇಗ ಸುಡುವ ದಾರಿ. ಹ್ಯಾಂಡ್ ಬ್ರೇಕ್ ಇರುವುದು ಅದಕ್ಕೇ. ಓಡುವಾಗ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಇಳಿಜಾರಿನಲ್ಲಿ ಕ್ಲಚ್ ಒತ್ತಿಕೊಂಡು ಇಳಿಯಬೇಡಿ. ಎಂಜಿನ್ನಿನ ತಡೆ ತಪ್ಪಿ ಬ್ರೇಕ್ ಕಾಯುತ್ತದೆ. ಕ್ಲಚ್ ಪೆಡಲ್ಲೇ ಇಲ್ಲದ ಎಎಂಟಿ ಕಾರು ಕೊಂಡವರೂ ಇದನ್ನು ಓದಬೇಕು. 2014ರಲ್ಲಿ ಸೆಲೆರಿಯೊ ಜೊತೆ ಜನಪ್ರಿಯವಾದ ಆ ವ್ಯವಸ್ಥೆಯಲ್ಲೂ ಒಳಗಿರುವುದು ಇದೇ ಕ್ಲಚ್ ಪ್ಲೇಟ್, ಒತ್ತುವುದು ಮಾತ್ರ ಯಂತ್ರ. ಏರಿನಲ್ಲಿ ಆಕ್ಸಿಲರೇಟರ್ ಮೇಲೆಯೇ ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ.

ಬಸ್ ಚಾಲಕರ ಮಾತು ಇಲ್ಲಿ ಬರಲೇಬೇಕು. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. 1454 ಮೀಟರ್ ಎತ್ತರದ ಆ ಬೆಟ್ಟಕ್ಕೆ ಭಕ್ತರನ್ನು ಹತ್ತಿಸಿ ಇಳಿಸುವುದು ಕೆಎಸ್‌ಆರ್‌ಟಿಸಿ ಬಸ್ಸು. ದೊಡ್ಡ ವಾಹನಗಳ ಕ್ಲಚ್ಚಿಗೆ ಗಾಳಿಯ ಒತ್ತಡದ ನೆರವಿರುತ್ತದೆ. ಆ ಗಾಳಿ ಸೋರಿದರೆ ಪೂರ್ತಿ ಭಾರ ಚಾಲಕನ ಮೊಣಕಾಲಿಗೆ ಬೀಳುತ್ತದೆ, ಅದೂ ಇಡೀ ಪಾಳಿ. ಕ್ಲಚ್ ಗಟ್ಟಿಯಾಗಿದೆ ಎಂದು ಚಾಲಕ ಬರೆದುಕೊಟ್ಟರೆ ಡಿಪೋಗಳು ಅದನ್ನು ಬ್ರೇಕಿನ ದೂರಿನಷ್ಟೇ ಗಂಭೀರವಾಗಿ ನೋಡಬೇಕು. ಡ್ರೈವಿಂಗ್ ಶಾಲೆ ನಡೆಸುವವರೂ ಕಲಿಕೆಯ ಕಾರಿನ ಕೇಬಲ್ಲನ್ನು ಕಾಲಕಾಲಕ್ಕೆ ಬದಲಾಯಿಸಲಿ. ಕಾರಿಟ್ಟುಕೊಂಡ ಓದುಗರು ಇವತ್ತು ಬಿಡುವಾದಾಗ ಎಂಜಿನ್ ಆಫ್ ಇರುವಂತೆಯೇ ಪೆಡಲನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಟ್ಟು ನೋಡಿ. ಸದ್ದು ಬಂದರೆ, ನಡುವೆ ತಡೆದರೆ, ಪೆಡಲ್ ತಡವಾಗಿ ಮೇಲೆ ಬಂದರೆ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲೇ ಗ್ಯಾರೇಜಿಗೆ ಕೊಂಡೊಯ್ಯಿರಿ, ಮತ್ತು ನಿಮ್ಮದು ಕೇಬಲ್ ಕ್ಲಚ್ಚಾದರೆ ಕೇಬಲ್ ಬಿಚ್ಚಿ ನೋಡಿದ ಮೇಲೆ ಉಳಿದ ಮಾತು ಎಂದು ಹೇಳಿ.